ಹೂಳಿನ ಜಾಡು ಹಿಡಿದು ಸುಖೋಮಾಜ್ರಿಗೆ

ಚಂಡೀಗಢದ ಸುಖ್ನಾ ಸರೋವರದ ಹೆಸರು ನೀವು ಕೇಳಿರಬಹುದು. ಹಳ್ಳವೊಂದಕ್ಕೆ ಅಡ್ಡಕಟ್ಟೆ ಹಾಕಿ ಅದನ್ನು ನಿರ್ಮಿಸಿದ್ದು 1958ರಲ್ಲಿ. 1970ರ ದಶಕದ ಹೊತ್ತಿಗೆ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹೂಳು ತುಂಬಿಕೊಂಡಿತ್ತು. ಇಷ್ಟು ಮಣ್ಣು ಬಂದದ್ದೆಲ್ಲಿಂದ? ಇದನ್ನು ಹುಡುಕುತ್ತ ಹೊರಟ ಮಣ್ಣು ಸಂರಕ್ಷಣಾ ವಿಜ್ಞಾನಿ ಪಿ. ಆರ್. ಮಿಶ್ರಾ, ಶಿವಾಲಿಕ್ ಬೆಟ್ಟಗಳ ಬುಡದಲ್ಲಿರುವ ಹರಿಯಾಣದ ಸುಖೋಮಾಜ್ರಿ ಎಂಬ ಪುಟ್ಟ ಹಳ್ಳಿಗೆ ಬಂದರು.

ಅಲ್ಲಿ ಮಳೆಗೇನೂ ಕೊರತೆಯಿಲ್ಲ, ವರ್ಷಕ್ಕೆ ಸುಮಾರು 1100 ಮಿ.ಮೀ. ಆದರೆ ಬೋಳು ಗುಡ್ಡದಲ್ಲಿ ನೀರು ನಿಲ್ಲುತ್ತಿರಲಿಲ್ಲ. ಬೆಳೆಯನ್ನು ನಂಬಲಾಗದ ಜನ ಆಡು ಸಾಕಿದರು. ಆಡುಗಳು ಗುಡ್ಡವನ್ನು ಇನ್ನಷ್ಟು ಬೋಳಾಗಿಸಿದವು.

1976ರಲ್ಲಿ ಮೊದಲ ಮಣ್ಣಿನ ಒಡ್ಡು ಎದ್ದಿತು. ಆದರೆ ನೀರು ಸಿಕ್ಕಿದ್ದು ಕೆಳಗೆ ಜಮೀನಿದ್ದ ಕೆಲವರಿಗೆ ಮಾತ್ರ. ಉಳಿದವರು ಮೇಯಿಸುವುದನ್ನು ಏಕೆ ಬಿಟ್ಟಾರು, ನೀವೇ ಹೇಳಿ! ಆಗ ಊರವರು ಸೇರಿ ಹೊಸ ಕಟ್ಟಳೆ ಮಾಡಿದರು: ಜಮೀನು ಇರಲಿ, ಇಲ್ಲದಿರಲಿ, ಪ್ರತಿ ಮನೆಗೂ ನೀರಿನಲ್ಲಿ ಸಮಪಾಲು. ಜಮೀನಿಲ್ಲದವರು ತಮ್ಮ ಪಾಲನ್ನು ಮಾರಬಹುದು. ಒಡ್ಡು ಕಟ್ಟುವುದು ನಮ್ಮ ಕೆರೆಗಳ ನಾಡಿಗೆ ಹೊಸ ವಿದ್ಯೆಯಲ್ಲ. ಹೊಸದು ಈ ಲೆಕ್ಕ.

ಬೇಲಿಯಿಲ್ಲದೆಯೇ ಮೇಯಿಸುವುದು ನಿಂತಿತು. ಹಗ್ಗಕ್ಕೂ ಕಾಗದದ ತಿರುಳಿಗೂ ಬರುವ ಭಾಬರ್ ಹುಲ್ಲು ಬೆಳೆಯಿತು. ಆಡು ಕಡಿಮೆಯಾಗಿ ಎಮ್ಮೆ ಹೆಚ್ಚಿದವು. ಆ ಕಡೆಯಿಂದ ಸರೋವರಕ್ಕೆ ಹರಿಯುವ ಹೂಳು ಶೇ. 90ರಷ್ಟು ಇಳಿಯಿತು.

ಮುಂದೆ ಒಡ್ಡುಗಳಲ್ಲೂ ಹೂಳು ಕೂತಿತು. ಸಮಪಾಲಿನ ಕಟ್ಟಳೆ ಹೋಗಿ, ಗಂಟೆಗಿಷ್ಟು ಎಂದು ಹಣ ಕೊಟ್ಟವರಿಗೆ ನೀರು ಬಿಡುವ ಪದ್ಧತಿ ಬಂತು.