ಎಂಟು ಸೆಕೆಂಡಿನ ಕಥೆ

ಎಂಟು ಸೆಕೆಂಡ್ ಅಂದ್ರೆ ಎಷ್ಟು ವೀಕ್ಷಕರೇ? ನಮ್ಮ ಸ್ಟುಡಿಯೋ ಲೆಕ್ಕದಲ್ಲಿ ಒಂದು ಹೆಡ್‌ಲೈನ್. ನಾನು ಓದಿ ಮುಗಿಸೋದ್ರೊಳಗೆ ನೀವು ಚಾನೆಲ್ ಬದಲಾಯಿಸಿರ್ತೀರಿ. ಅಷ್ಟೇ ಸಮಯದಲ್ಲಿ ಜಗತ್ತಿನ ಅತಿ ದೊಡ್ಡ ಸೈಕಲ್ ರೇಸು ತೀರ್ಮಾನವಾದ ಕಥೆ ಹೇಳ್ತೀನಿ, ಕೇಳಿ.

1989ರ ಟೂರ್ ಡಿ ಫ್ರಾನ್ಸ್. ಮೂರು ವಾರ, 3,200 ಕಿಲೋಮೀಟರಿಗೂ ಮಿಕ್ಕಿದ ದಾರಿ, ಮಧ್ಯೆ ಪಿರನೀಸ್, ಆಲ್ಪ್ಸ್ ಪರ್ವತಗಳು. ಕಣದಲ್ಲಿ ಇಬ್ಬರು. ಒಬ್ಬ ಫ್ರಾನ್ಸ್‌ನ ಲೊರಾಂ ಫಿನ್ಯೋನ್. 1983, 84 ಎರಡೂ ವರ್ಷ ಗೆದ್ದವನು. ಕನ್ನಡಕ, ಹಿಂದೆ ಕಟ್ಟಿದ ಜುಟ್ಟು. ಇನ್ನೊಬ್ಬ ಗ್ರೆಗ್ ಲೆಮಾಂಡ್. 1986ರಲ್ಲಿ ಈ ರೇಸು ಗೆದ್ದ ಮೊದಲ ಅಮೆರಿಕನ್.

ಆದರೆ ಮರುವರ್ಷ ಏಪ್ರಿಲ್‌ನಲ್ಲಿ ಏನಾಯ್ತು ಗೊತ್ತಾ? ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಹೋಗಿದ್ದಾಗ ಸಂಬಂಧಿಕನ ಬಂದೂಕು ತಪ್ಪಿ ಇವನ ಬೆನ್ನಿಗೇ ಹಾರಿತು. ಹೆಲಿಕಾಪ್ಟರ್ ಬಂತು, ಜೀವ ಉಳಿಯಿತು. ಮೂವತ್ತಕ್ಕೂ ಹೆಚ್ಚು ಸೀಸದ ಚರೆಗಳು ಮಾತ್ರ ಮೈಯಲ್ಲೇ ಉಳಿದವು, ಹೃದಯದ ಪೊರೆಯಲ್ಲೂ ಕೂಡ! ಎರಡು ವರ್ಷ ಪರದಾಟ. ಇವನ ಕಥೆ ಮುಗೀತು ಅಂದವರೇ ಹೆಚ್ಚು. ನಾನು ಅವತ್ತು ಬುಲೆಟಿನ್ ಓದ್ತಿದ್ದಿದ್ರೆ ನಾನೂ ಹಾಗೇ ಅಂದಿರ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಆ ಜುಲೈನಲ್ಲಿ ಹಳದಿ ಜೆರ್ಸಿ ಇವನಿಂದ ಅವನಿಗೆ, ಅವನಿಂದ ಇವನಿಗೆ ಓಡಾಡಿತು. ಕೊನೆಯ ದಿನ, ಜುಲೈ 23. ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸಬೇಕು. ಫಿನ್ಯೋನ್ 50 ಸೆಕೆಂಡ್ ಮುಂದಿದ್ದ. ಅಂದ್ರೆ ಲೆಮಾಂಡ್ ಪ್ರತಿ ಕಿಲೋಮೀಟರಿಗೆ ಎರಡು ಸೆಕೆಂಡಿಗೂ ಹೆಚ್ಚು ಕಿತ್ತುಕೊಳ್ಳಬೇಕು. ಆಗುತ್ತಾ? ಆಗಲ್ಲ ಅಂತಲೇ ಎಲ್ಲರ ಲೆಕ್ಕ.

ಲೆಮಾಂಡ್ ಮುಂದಕ್ಕೆ ಚಾಚಿದ ಹೊಸ ನಮೂನೆಯ ಹ್ಯಾಂಡಲ್ ಹಾಕಿಸಿಕೊಂಡ. ಗಾಳಿ ಸೀಳುವ ಹೆಲ್ಮೆಟ್ ತೊಟ್ಟ. ದಾರಿಯಲ್ಲಿ ನನಗೆ ಸಮಯ ಹೇಳಬೇಡಿ ಅಂತ ತಂಡದ ಕಾರಿನವರಿಗೆ ತಾಕೀತು ಮಾಡಿದ. ತಲೆ ತಗ್ಗಿಸಿ ತುಳಿದ, ಅಷ್ಟೇ. 26 ನಿಮಿಷ 57 ಸೆಕೆಂಡ್; ಗಂಟೆಗೆ 54 ಕಿಲೋಮೀಟರಿಗೂ ಮೇಲೆ!

ಫಿನ್ಯೋನ್ ಹೊರಟಿದ್ದು ಎಲ್ಲರಿಗಿಂತ ಕೊನೆಗೆ. ಬರಿತಲೆ, ಜುಟ್ಟು ಗಾಳಿಗೆ. ಸೀಟು ಉಜ್ಜಿ ಆದ ಹುಣ್ಣಿನಿಂದ ಕೂರೋಕೇ ಆಗ್ತಿರಲಿಲ್ಲ. ಹಾಗಂತ ಅವನು ಸೋಮಾರಿತನ ಮಾಡಲಿಲ್ಲ ನೋಡಿ, ಅವತ್ತಿನ ಓಟದಲ್ಲಿ ಮೂರನೇ ಸ್ಥಾನ ಅವನದೇ. ಆದರೂ ಲೆಮಾಂಡ್‌ಗಿಂತ 58 ಸೆಕೆಂಡ್ ಹೆಚ್ಚು ಬೇಕಾಯ್ತು. ಅತ್ತ ಲೆಮಾಂಡ್ ಗಡಿಯಾರ ನೋಡ್ತಾ ನಿಂತಿದ್ದ. ಇತ್ತ ಫಿನ್ಯೋನ್ ಶಾಂಜೆಲೀಜೆಯ ಕಲ್ಲುಹಾಸಿನ ಮೇಲೆ ಕುಸಿದುಬಿದ್ದ. 87 ಗಂಟೆಗಳ ರೇಸಿನಲ್ಲಿ ಅಂತರ 8 ಸೆಕೆಂಡ್. ಇಷ್ಟು ಕಡಿಮೆ ಅಂತರ ಆ ರೇಸು ಹಿಂದೆ ಕಂಡಿರಲಿಲ್ಲ.

ಲೆಮಾಂಡ್ ಮರುವರ್ಷವೂ ಗೆದ್ದ. ಫಿನ್ಯೋನ್ ಮತ್ತೆ ಆ ಹಳದಿ ಜೆರ್ಸಿ ಗೆಲ್ಲಲಿಲ್ಲ. 2010ರಲ್ಲಿ, 50ನೇ ವಯಸ್ಸಿಗೇ ಕ್ಯಾನ್ಸರ್ ಅವನನ್ನು ಕೊಂಡೊಯ್ತು. ತನ್ನ ಆತ್ಮಕಥೆಯನ್ನು ಅವನು ಶುರು ಮಾಡೋದೇ ಈ ಗಾಯದಿಂದ. ಎಂಟು ಸೆಕೆಂಡಿನಲ್ಲಿ ಸೋತವರು ನೀವೇ ಅಲ್ವಾ ಅಂತ ಜನ ಗುರುತು ಹಿಡಿಯೋರಂತೆ. ಇಲ್ಲ ಸ್ವಾಮಿ, ಎರಡು ಸಲ ಗೆದ್ದವನು ನಾನು, ಅಂತ ಇವನ ಉತ್ತರ.