ಲಿವಿಂಗ್ ವಿಲ್ ಬರೆದುಕೊಟ್ಟರೆ ಆಸ್ಪತ್ರೆಯವರು ಚಿಕಿತ್ಸೆ ನಿಲ್ಲಿಸಿಬಿಡುತ್ತಾರಾ?

‘ಕರ್ನಾಟಕದಲ್ಲಿ ದಯಾಮರಣಕ್ಕೆ ಅನುಮತಿ, ವಯಸ್ಸಾದವರು ಹುಷಾರ್!’ ಎನ್ನುವ ಧಾಟಿಯ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ನಿಜ ಇರುವುದು ಸ್ವಲ್ಪವೇ. 2025ರ ಜನವರಿ 30ರಂದು ರಾಜ್ಯ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿದ್ದು ಹೌದು. ಆದರೆ ಅದು ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ, 2023ರಲ್ಲಿ ಸರಳಗೊಳಿಸಿದ ತೀರ್ಪನ್ನು ಜಾರಿಗೆ ತರುವ ಸುತ್ತೋಲೆ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಅಂದೂ ಅಪರಾಧ, ಇಂದೂ ಅಪರಾಧ.

ಹಾಗಾದರೆ ಅನುಮತಿ ಯಾವುದಕ್ಕೆ? ಗುಣವಾಗುವ ಭರವಸೆಯೇ ಇಲ್ಲದಾಗ ವೆಂಟಿಲೇಟರ್‌ನಂಥ ಜೀವರಕ್ಷಕ ಚಿಕಿತ್ಸೆಯನ್ನು ಬೇಡ ಎನ್ನುವುದಕ್ಕೆ. ನೋವು ಕಡಿಮೆ ಮಾಡುವ ಔಷಧಿ, ಆರೈಕೆ ಆಗಲೂ ಮುಂದುವರಿಯಬೇಕು. ‘ಬೇಡ’ ಎಂಬುದನ್ನು ಆರೋಗ್ಯವಾಗಿರುವಾಗಲೇ ಬರೆದಿಡುವುದು ಲಿವಿಂಗ್ ವಿಲ್. ನಿಮಗೆ ಪ್ರಜ್ಞೆ ಇದ್ದು, ತೀರ್ಮಾನ ಹೇಳುವ ಸ್ಥಿತಿಯಲ್ಲಿದ್ದರೆ ಯಾರೂ ಆ ಕಾಗದ ನೋಡುವುದಿಲ್ಲ, ನಿಮ್ಮನ್ನೇ ಕೇಳುತ್ತಾರೆ.

ಇದು ಏಕೆ ಬೇಕು ಎಂಬುದಕ್ಕೆ ಅರುಣಾ ಶಾನಭಾಗ್ ಪ್ರಕರಣ ನೆನಪಿಸಿಕೊಳ್ಳಿ. ಉತ್ತರ ಕನ್ನಡದ ಹಳದೀಪುರದ ಈ ನರ್ಸ್ ಮೇಲೆ 1973ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಹಲ್ಲೆ ನಡೆಯಿತು. ಅವರು 2015ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಹಾಸಿಗೆ ಹಿಡಿದಿದ್ದರು. ಆಹಾರ ನಿಲ್ಲಿಸಿ, ನೆಮ್ಮದಿಯಿಂದ ಹೋಗಲು ಬಿಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಕೋರ್ಟಿಗೆ ಹೋದರು. ಅಷ್ಟು ವರ್ಷ ನೋಡಿಕೊಂಡ ನರ್ಸ್‌ಗಳು ಬೇಡವೇ ಬೇಡ ಎಂದರು. 2011ರಲ್ಲಿ ಕೋರ್ಟ್ ನರ್ಸ್‌ಗಳ ಮಾತನ್ನು ಒಪ್ಪಿತು. ಎರಡೂ ಕಡೆಯವರದು ಪ್ರೀತಿಯೇ. ಅರುಣಾ ಅವರಿಗೆ ಏನು ಬೇಕಿತ್ತು ಎಂದು ಹೇಳಬಲ್ಲವರು ಮಾತ್ರ ಯಾರೂ ಇರಲಿಲ್ಲ.

ನಮ್ಮ ಮನೆಗಳಲ್ಲೂ ಆಗುವುದು ಇದೇ. ‘ಅಪ್ಪಂಗೆ ಹೇಳ್ಬೇಡಿ ಡಾಕ್ಟ್ರೇ’ ಎಂದು ಶುರುವಾಗಿ, ಕೊನೆಗೆ ಐಸಿಯು ಬಾಗಿಲಲ್ಲಿ ಅಣ್ಣತಮ್ಮಂದಿರು ಜಗಳಕ್ಕೆ ನಿಲ್ಲುತ್ತಾರೆ.

‘ಆಸ್ತಿಗಾಗಿ ಮಕ್ಕಳೇ ಮುಗಿಸಿಬಿಟ್ಟರೆ?’ ಎಂಬ ಭಯ ಸುಳ್ಳಲ್ಲ. ಅದಕ್ಕೇ ಬಿಗಿ ಇದೆ. ಚಿಕಿತ್ಸೆ ನೀಡುವ ವೈದ್ಯರೂ ಸೇರಿ ಮೂವರು ತಜ್ಞರ ಮಂಡಳಿ ಒಪ್ಪಬೇಕು. ನಂತರ ಬೇರೆ ಮೂವರ ಇನ್ನೊಂದು ಮಂಡಳಿ, ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರು. ಮ್ಯಾಜಿಸ್ಟ್ರೇಟರಿಗೂ ಮಾಹಿತಿ ಹೋಗಬೇಕು. ತಕರಾರಿದ್ದರೆ ಹೈಕೋರ್ಟ್ ಇದೆ. ಆದರೂ ಬರೆಯುವ ದಿನವೇ ಮನೆಯವರು ಒತ್ತಾಯಿಸಿದರೆ ಯಾವ ಮಂಡಳಿಗೆ ಗೊತ್ತಾಗುತ್ತದೆ? ‘ನಿನ್ನ ಆಸ್ಪತ್ರೆ ಖರ್ಚು ನಮ್ಮ ಕೈಲಾಗಲ್ಲ’ ಎಂದು ಹಾಕಿಸಿಕೊಂಡ ಸಹಿಯನ್ನು ಸ್ವಂತ ಇಚ್ಛೆ ಎನ್ನಲು ನಾವಂತೂ ಒಪ್ಪುವುದಿಲ್ಲ. ಆದ್ದರಿಂದ ಸಾಕ್ಷಿಗಳು ಆಸ್ತಿಯಲ್ಲಿ ಪಾಲಿಲ್ಲದ ಹೊರಗಿನವರಾಗಿದ್ದರೆ ಒಳ್ಳೆಯದು.

ಬರೆಯುವುದು ಕಷ್ಟವಲ್ಲ. 18 ತುಂಬಿರಬೇಕು, ಬುದ್ಧಿ ಸ್ವಸ್ಥವಾಗಿರಬೇಕು. ನಿಮ್ಮ ಪರವಾಗಿ ಮಾತಾಡುವವರ ಹೆಸರು ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದು ಮಾಡಬಹುದು. ಒಂದು ಪ್ರತಿ ನೀವು ಹೆಸರಿಸಿದವರ ಹತ್ತಿರ, ಇನ್ನೊಂದು ಮನೆ ಡಾಕ್ಟರ ಹತ್ತಿರ ಇರಲಿ. ಬೀರುವಿನಲ್ಲಿ ಬೀಗ ಹಾಕಿಟ್ಟರೆ ಬೇಕಾದ ದಿನ ಯಾರ ಕೈಗೂ ಸಿಗುವುದಿಲ್ಲ.