ಕಚ್ಚಿ ಕೂರುವ ವೈರು, ಕಳಚಿ ಬೀಳುವ ವೈರು

ಲ್ಯಾಪ್‌ಟಾಪ್ ಕಂಪ್ಯೂಟರಿಗೆ ಶತ್ರುಗಳು ಹಲವು. ನೀರು, ಧೂಳು, ಸೆಕೆ ಎಲ್ಲವೂ ಅದಕ್ಕೆ ಆಗದವೇ. ಆದರೆ ಒಂದೇ ಕ್ಷಣದಲ್ಲಿ ಅದರ ಆಯುಷ್ಯ ಮುಗಿಸಬಲ್ಲ ಶತ್ರುವೆಂದರೆ ಅದರದೇ ಬಾಲ. ಗೋಡೆಯ ಸಾಕೆಟ್ಟಿನಿಂದ ಮೇಜಿನವರೆಗೆ ಜೋತುಬಿದ್ದ ಚಾರ್ಜಿಂಗ್ ವೈರಿಗೆ ಆಡುವ ಮಗುವಿನ ಕಾಲು ಸಿಕ್ಕಿದರೆ ಸಾಕು, ಯಂತ್ರ ನೆಲಕ್ಕೆ ಅಪ್ಪಳಿಸುತ್ತದೆ. ಕೆಳಗೆ ಬೀಳದಿದ್ದರೂ ಒಳಗಿನ ಜ್ಯಾಕು ಬೆಸುಗೆ ಬಿಟ್ಟು ಅಲುಗಾಡತೊಡಗುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಅಯಸ್ಕಾಂತದ ವೈರು. ಅದಕ್ಕೆ ಎದುರಾಗಿ ನಿಂತದ್ದು ಎಲ್ಲ ಯಂತ್ರಗಳಿಗೂ ಹೊಂದುವ ಪ್ರಮಾಣಿತ ವೈರು. ಇವೆರಡರಲ್ಲಿ ಯಾವುದನ್ನು ಆರಿಸಬೇಕು ಎನ್ನುವುದು ಮೇಲ್ನೋಟಕ್ಕೆ ಅಂಗಡಿಯಲ್ಲಿ ಬಗೆಹರಿಯುವ ಸಣ್ಣ ಪ್ರಶ್ನೆ. ಆದರೆ ಅದರ ಹಿಂದೆ ಸುಮಾರು ಎರಡು ದಶಕಗಳ ಹಗ್ಗಜಗ್ಗಾಟವಿದೆ. ಕೊನೆಗೆ ಯೂರೋಪಿನ ಶಾಸಕರೂ ಅದರಲ್ಲಿ ಕೈಹಾಕಬೇಕಾಯಿತು.

ಅಯಸ್ಕಾಂತದ ಉಪಾಯ ಹುಟ್ಟಿದ್ದು ಕಂಪ್ಯೂಟರಿನ ಲೋಕದಲ್ಲಲ್ಲ, ಅಡುಗೆಮನೆಯಲ್ಲಿ. ಜಪಾನಿನ ಮನೆಗಳಲ್ಲಿ ಚಹಾಕ್ಕೆಂದು ಬಿಸಿನೀರು ಕಾಯಿಸಿಡುವ ವಿದ್ಯುತ್ ಪಾತ್ರೆಗಳಿವೆ. ಯಾರಾದರೂ ವೈರನ್ನು ಎಡವಿ ಕುದಿನೀರು ಮೈಮೇಲೆ ಸುರಿದುಕೊಂಡಾರೆಂಬ ಭಯದಿಂದ ಅವುಗಳ ವೈರನ್ನು ಅಯಸ್ಕಾಂತದಿಂದ ಅಂಟಿಸುವ ಪದ್ಧತಿ ಬಂತು. ಎಳೆದರೆ ವೈರು ಕಳಚಿಕೊಳ್ಳುತ್ತದೆ, ಪಾತ್ರೆ ಇದ್ದಲ್ಲೇ ಇರುತ್ತದೆ. ಎಣ್ಣೆಯಲ್ಲಿ ಕರಿಯುವ ವಿದ್ಯುತ್ ಬಾಣಲೆಗಳಿಗೂ ಇದೇ ಏರ್ಪಾಟು ಬಂತು.

ಈ ಉಪಾಯವನ್ನು ಲ್ಯಾಪ್‌ಟಾಪಿಗೆ ತಂದು ಜನಪ್ರಿಯಗೊಳಿಸಿದ್ದು ಅಮೆರಿಕದ ಆಪಲ್ ಕಂಪನಿ. 2006ರ ಜನವರಿ 10ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಟೀವ್ ಜಾಬ್ಸ್ ಮ್ಯಾಕ್‌ಬುಕ್ ಪ್ರೊ ಯಂತ್ರವನ್ನು ಪ್ರದರ್ಶಿಸಿದಾಗ ಅದರ ಪಕ್ಕದಲ್ಲಿ 'ಮ್ಯಾಗ್‌ಸೇಫ್' ಎಂಬ ಹೊಸ ಜೋಡಣೆಯಿತ್ತು. ಸಾಲಾಗಿ ಐದು ಪಿನ್ನು, ಸುತ್ತ ಅಯಸ್ಕಾಂತ. ಪಿನ್ನುಗಳು ಎಡಬಲ ಒಂದೇ ರೀತಿ ಇದ್ದುದರಿಂದ ತಲೆಕೆಳಗಾಗಿ ಹಿಡಿದರೂ ಸರಿಯಾಗಿಯೇ ಕೂರುತ್ತಿತ್ತು. ಬ್ಯಾಟರಿ ತುಂಬುವಾಗ ಕಿತ್ತಳೆ ಬಣ್ಣದ ದೀಪ, ತುಂಬಿದ ಮೇಲೆ ಹಸಿರು ದೀಪ. ಕಾಲು ತಗುಲಿದರೆ ಚಟಕ್ಕನೆ ಬಿಟ್ಟುಕೊಳ್ಳುತ್ತಿತ್ತು. ಬಳಸಿದವರು ಮೆಚ್ಚಿದರು. ಈ ಜೋಡಣೆಗೆ 2007ರಲ್ಲಿ ಪೇಟೆಂಟೂ ದೊರೆಯಿತು.

ತೊಡಕು ಶುರುವಾದದ್ದು ಇಲ್ಲಿಯೇ. ಆಪಲ್ ಈ ಜೋಡಣೆಯನ್ನು ಬೇರೆ ಚಾರ್ಜರ್ ತಯಾರಕರೊಂದಿಗೆ ಹಂಚಿಕೊಳ್ಳಲಿಲ್ಲ. ವೈರು ಚಾರ್ಜರಿನ ಡಬ್ಬಿಗೇ ಅಂಟಿಕೊಂಡಿತ್ತು. ವೈರಿನ ತುದಿ ಹರಿದರೆ ಇಡೀ ಚಾರ್ಜರನ್ನೇ ಹೊಸದಾಗಿ ಕೊಳ್ಳಬೇಕು. 2012ರಲ್ಲಿ ಯಂತ್ರಗಳು ತೆಳುವಾದಾಗ ಆಪಲ್ ಜೋಡಣೆಯ ಆಕಾರವನ್ನೇ ಬದಲಿಸಿತು. ಹಳೆಯ ಚಾರ್ಜರನ್ನು ಹೊಸ ಯಂತ್ರಕ್ಕೆ ಬಳಸಲು ನಡುವೆ ಇನ್ನೊಂದು ತುಂಡನ್ನು ಕೊಂಡು ಸಿಕ್ಕಿಸಬೇಕಾಯಿತು. ಇತರ ಕಂಪನಿಗಳೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ಒಬ್ಬರದು ದಪ್ಪ ಪಿನ್ನು, ಇನ್ನೊಬ್ಬರದು ಸಣ್ಣ ಪಿನ್ನು, ಮತ್ತೊಬ್ಬರದು ಚೌಕಾಕಾರ. ವೋಲ್ಟೇಜೂ ಬೇರೆಬೇರೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುತ್ತಾರೆ. ಇಲ್ಲಿ ಊರಿಗೆ ದಾರಿಯೇ ಇರಲಿಲ್ಲ, ಎಲ್ಲರಿಗೂ ಅವರವರದೇ ದಾರಿ.

ಊರಿನ ದಾರಿ ಬಂದದ್ದು ಯುಎಸ್‌ಬಿಯಿಂದ. 1996ರಲ್ಲಿ ಮೊದಲು ಪ್ರಕಟವಾದ ಈ ಪ್ರಮಾಣವನ್ನು ರೂಪಿಸಿದವರಲ್ಲಿ ಪ್ರಮುಖರು ಇಂಟೆಲ್ ಕಂಪನಿಯಲ್ಲಿದ್ದ ಅಜಯ್ ಭಟ್. ಅವರು ಬರೋಡಾದ ಮಹಾರಾಜಾ ಸಯ್ಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಕೀಬೋರ್ಡಿಗೊಂದು, ಪ್ರಿಂಟರಿಗೊಂದು ಎಂಬ ಗೊಂದಲ ತಪ್ಪಿಸಿ ಎಲ್ಲಕ್ಕೂ ಒಂದೇ ಜೋಡಣೆ ಕೊಡುವುದು ಅದರ ಉದ್ದೇಶವಾಗಿತ್ತು. ಆದರೆ ಆಗಿನ ಯುಎಸ್‌ಬಿಯಲ್ಲಿ ಹರಿಯುತ್ತಿದ್ದ ವಿದ್ಯುತ್ತು ಲ್ಯಾಪ್‌ಟಾಪಿಗೆ ಏನೇನೂ ಸಾಲದು. 2012ರಲ್ಲಿ ಅದರ ಸಾಮರ್ಥ್ಯವನ್ನು 100 ವಾಟ್‌ವರೆಗೆ ಏರಿಸುವ ನಿಯಮಾವಳಿ ಬಂತು. 2014ರ ಆಗಸ್ಟಿನಲ್ಲಿ ಯುಎಸ್‌ಬಿ-ಸಿ ಎಂಬ ಹೊಸ ಆಕಾರ ಬಂತು. 24 ಪಿನ್ನುಗಳ ಈ ಪುಟ್ಟ ಜೋಡಣೆಯನ್ನು ಹೇಗೆ ತಿರುಗಿಸಿ ಹಿಡಿದರೂ ನಡೆಯುತ್ತದೆ. ಚಾರ್ಜಿಂಗು, ಮಾಹಿತಿ, ಪರದೆಯ ಚಿತ್ರ ಮೂರನ್ನೂ ಒಂದೇ ವೈರು ಸಾಗಿಸುತ್ತದೆ. 2021ರಲ್ಲಿ ವಿದ್ಯುತ್ತಿನ ಮಿತಿ 240 ವಾಟಿಗೆ ಏರಿತು.

ಅಯಸ್ಕಾಂತದ ವೈರಿಗೆ ಹೆಸರಾಗಿದ್ದ ಆಪಲ್ಲೇ 2015ರಲ್ಲಿ ಒಂದು ತೆಳು ಯಂತ್ರಕ್ಕೆ ಯುಎಸ್‌ಬಿ-ಸಿ ಅಳವಡಿಸಿತು. 2016ರಲ್ಲಿ ಮ್ಯಾಕ್‌ಬುಕ್ ಪ್ರೊದಿಂದಲೂ ಮ್ಯಾಗ್‌ಸೇಫನ್ನು ತೆಗೆದುಹಾಕಿತು. ಬಳಕೆದಾರರಲ್ಲಿ ಎರಡು ಗುಂಪಾಯಿತು. ಚಾರ್ಜರ್ ಮರೆತು ಊರಿಗೆ ಹೋದರೂ ಪಕ್ಕದವರ ಚಾರ್ಜರಿನಿಂದ ಕೆಲಸ ನಡೆಯುತ್ತದೆಂದು ಒಂದು ಗುಂಪು ಸಂತೋಷಪಟ್ಟಿತು. ಮತ್ತೆ ವೈರು ಎಡವುವ ಕಾಲ ಬಂತೆಂದು ಇನ್ನೊಂದು ಗುಂಪು ಗೊಣಗಿತು. ಇಬ್ಬರ ಮಾತಿನಲ್ಲೂ ನಿಜವಿತ್ತು. ಯುಎಸ್‌ಬಿ-ಸಿ ಬಿಗಿಯಾಗಿ ಕಚ್ಚಿ ಕೂರುತ್ತದೆ, ಎಳೆದರೆ ಯಂತ್ರವೂ ಜೊತೆಗೆ ಬರಬಹುದು.

ಪ್ರಮಾಣಿತ ವೈರಿಗೆ ಅದರದೇ ಆದ ಅಪಾಯವೂ ಇತ್ತು. ನೋಡಲು ಎಲ್ಲ ವೈರುಗಳೂ ಒಂದೇ, ಒಳಗಿನ ಗುಣ ಮಾತ್ರ ಬೇರೆಬೇರೆ. ನಿಯಮದಂತೆ ತಯಾರಾದ ಸಾಮಾನ್ಯ ಯುಎಸ್‌ಬಿ-ಸಿ ವೈರು 3 ಆಂಪಿಯರ್, ಅಂದರೆ 60 ವಾಟ್‌ವರೆಗೆ ಸಾಗಿಸುತ್ತದೆ. ಅದಕ್ಕೂ ಹೆಚ್ಚು ಬೇಕಾದರೆ ತನ್ನ ಶಕ್ತಿ ಎಷ್ಟೆಂದು ಯಂತ್ರಕ್ಕೆ ತಿಳಿಸುವ ಚಿಪ್ಪೊಂದು ವೈರಿನ ತುದಿಯಲ್ಲಿರಬೇಕು. ಗೂಗಲ್ ಕಂಪನಿಯ ಎಂಜಿನಿಯರ್ ಬೆನ್ಸನ್ ಲೆಂಗ್ 2015ರಿಂದ ಅಂತರ್ಜಾಲದ ಅಂಗಡಿಗಳಲ್ಲಿ ಮಾರಾಟಕ್ಕಿದ್ದ ವೈರುಗಳನ್ನು ತರಿಸಿ ಪರೀಕ್ಷಿಸತೊಡಗಿದರು. 2016ರ ಆರಂಭದಲ್ಲಿ ತಪ್ಪಾಗಿ ಜೋಡಿಸಿದ್ದ ಒಂದು ವೈರು ಅವರ ಲ್ಯಾಪ್‌ಟಾಪನ್ನೇ ಸುಟ್ಟಿತು. ಅದೇ ವರ್ಷ ಅಮೆಜಾನ್, ನಿಯಮಕ್ಕೆ ಹೊಂದದ ಯುಎಸ್‌ಬಿ-ಸಿ ವೈರುಗಳ ಮಾರಾಟವನ್ನು ನಿಷೇಧಿಸಿತು. ಎಲ್ಲರದೂ ಆದ ವಸ್ತುವಿಗೆ ಕಾವಲುಗಾರರೂ ಬೇಕು ಎಂಬ ಪಾಠ ಆಗ ದೊರೆಯಿತು.

ಇತ್ತ ಯೂರೋಪಿಯನ್ ಒಕ್ಕೂಟ ಮೊಬೈಲ್ ಕಂಪನಿಗಳೊಂದಿಗೆ 2009ರಲ್ಲೇ ಸ್ವಇಚ್ಛೆಯ ಒಪ್ಪಂದ ಮಾಡಿಸಿ ನೋಡಿತ್ತು, ಅದು ಪೂರ್ಣ ಫಲ ಕೊಟ್ಟಿರಲಿಲ್ಲ. ಎಸೆದ ಮತ್ತು ಬಳಸದ ಚಾರ್ಜರುಗಳಿಂದ ಅಲ್ಲಿ ವರ್ಷಕ್ಕೆ ಸುಮಾರು 11,000 ಟನ್ ಕಸವಾಗುತ್ತದೆಂದು ಒಕ್ಕೂಟವೇ ಅಂದಾಜು ಮಾಡಿತು. 2022ರಲ್ಲಿ ಕಾನೂನು ಬಂತು. ಮೊಬೈಲು, ಕ್ಯಾಮೆರಾಗಳಂಥ ಸಾಧನಗಳಿಗೆ 2024ರ ಡಿಸೆಂಬರ್ 28ರಿಂದ, ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ರಿಂದ ಯುಎಸ್‌ಬಿ-ಸಿ ಕಡ್ಡಾಯವೆಂದು ಅದು ಗಡುವು ಗೊತ್ತುಮಾಡಿತು. ಭಾರತೀಯ ಮಾನಕ ಸಂಸ್ಥೆಯೂ ಯುಎಸ್‌ಬಿ-ಸಿ ಕುರಿತ ಭಾರತೀಯ ಪ್ರಮಾಣವನ್ನು 2023ರ ಜನವರಿಯಲ್ಲಿ ಪ್ರಕಟಿಸಿತು.

ಹಾಗಾದರೆ ಅಯಸ್ಕಾಂತ ಸೋತಿತೇ? ಇಲ್ಲ. 2021ರ ಅಕ್ಟೋಬರಿನಲ್ಲಿ ಆಪಲ್ ಮ್ಯಾಗ್‌ಸೇಫನ್ನು ಮರಳಿ ತಂದಿತು, ಆದರೆ ಹಳೆಯ ಹಟವನ್ನು ಬಿಟ್ಟು. ಹೊಸ ವೈರಿನ ಒಂದು ತುದಿ ಅಯಸ್ಕಾಂತ, ಇನ್ನೊಂದು ತುದಿ ಯುಎಸ್‌ಬಿ-ಸಿ. ಅದನ್ನು ಚಾರ್ಜರಿನಿಂದ ಬಿಡಿಸಬಹುದು, ಹರಿದರೆ ವೈರೊಂದನ್ನೇ ಬದಲಿಸಿದರಾಯಿತು. ಯಂತ್ರದಲ್ಲಿ ಯುಎಸ್‌ಬಿ-ಸಿ ಕಿಂಡಿಗಳೂ ಇರುವುದರಿಂದ ಮ್ಯಾಗ್‌ಸೇಫ್ ವೈರನ್ನು ಮನೆಯಲ್ಲಿ ಬಿಟ್ಟುಬಂದರೂ ಚಾರ್ಜು ಮಾಡಬಹುದು. ಯೂರೋಪಿನ ಕಾನೂನು ಸಹ ಯುಎಸ್‌ಬಿ-ಸಿ ಇರಲೇಬೇಕು ಎನ್ನುತ್ತದೆಯೇ ಹೊರತು ಅದರ ಜೊತೆಗೆ ಇನ್ನೊಂದು ಇರಬಾರದು ಎನ್ನುವುದಿಲ್ಲ.

ಈಗ ಕೊಳ್ಳುವವರ ಪ್ರಶ್ನೆಗೆ ಬರಬಹುದು. ಚಿಕ್ಕ ಮಕ್ಕಳೋ ಸಾಕುಪ್ರಾಣಿಗಳೋ ಇರುವ ಮನೆಯಲ್ಲಿ, ಹತ್ತು ಜನ ಓಡಾಡುವ ಕಚೇರಿಯಲ್ಲಿ ಅಯಸ್ಕಾಂತದ ವೈರಿಗೆ ಬೆಲೆಯಿದೆ. ಊರೂರು ತಿರುಗುವವರಿಗೆ, ಒಂದೇ ಚಾರ್ಜರಿನಲ್ಲಿ ಮೊಬೈಲು, ಲ್ಯಾಪ್‌ಟಾಪ್ ಎರಡನ್ನೂ ನಿಭಾಯಿಸುವವರಿಗೆ ಪ್ರಮಾಣಿತ ವೈರೇ ಅನುಕೂಲ. ಸಾಮಾನ್ಯ ಯುಎಸ್‌ಬಿ-ಸಿ ಕಿಂಡಿಗೆ ಸಿಕ್ಕಿಸುವ ಅಗ್ಗದ ಅಯಸ್ಕಾಂತದ ತುದಿಗಳೂ ಪೇಟೆಯಲ್ಲಿ ಸಿಗುತ್ತವೆ. ಇವುಗಳ ವಿಷಯದಲ್ಲಿ ಎಚ್ಚರ ಬೇಕು. ಯುಎಸ್‌ಬಿ-ಸಿಯ ನಿಯಮಾವಳಿಯಲ್ಲಿ ಇಂಥ ತುದಿಗೆ ಜಾಗವಿಲ್ಲ. ಒಳಗೆ ಮರೆಯಾಗಿರಬೇಕಾದ ಪಿನ್ನುಗಳು ಇಲ್ಲಿ ಹೊರಗೆ ತೆರೆದುಕೊಂಡಿರುತ್ತವೆ. ಚೂರು ಓರೆಯಾಗಿ ಅಂಟಿದರೂ ವಿದ್ಯುತ್ತು ತಾಗಬಾರದ ಪಿನ್ನಿಗೆ ತಾಗಬಹುದು. ಬಿದ್ದು ಒಡೆಯುವುದನ್ನು ತಪ್ಪಿಸಲು ಹೋಗಿ ಸುಟ್ಟುಕೊಂಡಂತಾದೀತು.

ಕಳಚಿಕೊಳ್ಳುವ ಗುಣ ಒಂದು ಯಂತ್ರವನ್ನು ಕಾಯುತ್ತದೆ. ಎಲ್ಲದಕ್ಕೂ ಹೊಂದುವ ಗುಣ ಬಳಸುವವನ ಜೇಬನ್ನೂ ಊರಿನ ತಿಪ್ಪೆಯನ್ನೂ ಕಾಯುತ್ತದೆ. ಒಂದು ಸಿಗಬೇಕಾದರೆ ಇನ್ನೊಂದನ್ನು ಬಿಡಲೇಬೇಕು ಎಂಬಂತೆ ಬಹುಕಾಲ ನಡೆದದ್ದು ವಿಜ್ಞಾನದ ಮಿತಿಯಿಂದಲ್ಲ, ವ್ಯಾಪಾರದ ಲೆಕ್ಕಾಚಾರದಿಂದ. ಎರಡೂ ಒಂದೇ ಯಂತ್ರದ ಮೈಯಲ್ಲಿ ಜಾಗ ಪಡೆಯಲು 2006ರಿಂದ 2021ರವರೆಗೆ ಹದಿನೈದು ವರ್ಷ ಹಿಡಿಯಿತು.